ಬಾಲಕ್ಕೂ ಬೆಲೆ ಕೊಟ್ಟ ಅರಸು

ನಮ್ಮೂರು ಕಡ್ಡಿರಾಂಪುರಕ್ಕೆ ಹಂಪೆ ಸಮೀಪ. ಅಲ್ಲಿ ಆಳಿದವರಲ್ಲಿ ನನ್ನ ಮನಸ್ಸನ್ನು ಸೆಳೆದವನು ಸಾಳುವ ನರಸಿಂಹ. ಚಂದ್ರಗಿರಿಯ ಮಾಂಡಲಿಕನಾಗಿದ್ದ ಆತನು 1485ರಲ್ಲಿ ವಿಜಯನಗರದ ಸಿಂಹಾಸನವನ್ನೇರಿದನು. ಗೋವೆಯು ಬಹಮನಿಯರ ಪಾಲಾಗಿದ್ದುದರಿಂದ ರಾಜ್ಯಕ್ಕೆ ಅರಬ್ಬೀ ಕುದುರೆಗಳು ದುರ್ಲಭವಾಗಿದ್ದವು. ನರಸಿಂಹನು ಹೊನ್ನಾವರ, ಭಟ್ಕಳ ಮೊದಲಾದ ರೇವುಗಳನ್ನು ವಶಪಡಿಸಿಕೊಂಡು, ಹೋರ್ಮುಜ್, ಏಡನ್‌ಗಳಿಂದ ಕುದುರೆಗಳನ್ನು ತರಿಸಿದನು. ಸಾವಿರ ವರಹಕ್ಕೆ ಮೂರರಂತೆ ಕೊಳ್ಳುತ್ತಿದ್ದನೆಂದೂ, ಕಡಲಲ್ಲಿ ಸತ್ತ ಕುದುರೆಯ ಬಾಲವನ್ನು ತಂದೊಪ್ಪಿಸಿದರೂ ಪೂರ್ಣ ಬೆಲೆ ಕೊಡುತ್ತಿದ್ದನೆಂದೂ ಪೋರ್ಚುಗೀಸ್ ವರ್ತಕ ನ್ಯೂನಿಜ್ ಬರೆದಿದ್ದಾನೆ. ನಷ್ಟದ ಭಯ ನೀಗಿದರೆ ವರ್ತಕನು ತಾನಾಗಿಯೇ ಮತ್ತೆ ಬರುವನಷ್ಟೆ! 1491ರಲ್ಲಿ ನರಸಿಂಹನು ತೀರಿಕೊಂಡನು.

ನನ್ನ ತಂದೆಯವರು ಬಾಳೆ ಬೆಳೆಯುತ್ತಾರೆ. ದಾರಿಯಲ್ಲಿ ಕೊಳೆತ ಗೊನೆಯ ನಷ್ಟವೆಲ್ಲ ಅವರದೇ. ಅದಕ್ಕೇ ಈ ಅರಸು ನನಗೆ ದೊಡ್ಡವನಾಗಿ ಕಾಣುತ್ತಾನೆ.