ಉಪ್ಪಿನ ಹರಳಲ್ಲಿ ಸಿಕ್ಕ ಸೂತ್ರ: ಅಡಿಲೇಡ್‌ನ ಪ್ರೊಫೆಸರ್ ವಿಲಿಯಂ ಬ್ರ್ಯಾಗ್

ರೂಮಿನೊಳಗೆ ನೆಟ್‌ವರ್ಕ್ ಸಿಗದೆ, ಫೋನ್ ಹಿಡ್ಕೊಂಡು ಮೆಟ್ಟಿಲ ಹತ್ತಿರವೋ ಟೆರೇಸಿಗೋ ಓಡುವುದು ಗಲ್ಫ್‌ನಲ್ಲಿ ದುಡಿಯುವವರಿಗೆಲ್ಲ ಗೊತ್ತಿರುವ ಪಾಡು. 5ಜಿಯ ಅತಿ ಹೆಚ್ಚಿನ ಆವರ್ತನದ ಅಲೆಗಳಿಗಂತೂ ಈ ತೊಂದರೆ ಇನ್ನೂ ಜಾಸ್ತಿ. 28 ಗಿಗಾಹರ್ಟ್ಸ್‌ನಲ್ಲಿ ಒಂದು ಅಲೆಯ ಉದ್ದ 1 ಸೆಂಟಿಮೀಟರ್ ಆಸುಪಾಸು ಅಷ್ಟೇ. ಡಾಟಾ ಬೇಕಾದಷ್ಟು ಹೊತ್ತು ತರುತ್ತದೆ, ಆದ್ರೆ ಕಾಂಕ್ರೀಟ್ ಗೋಡೆ ಅಡ್ಡ ಬಂದರೆ ಅಲ್ಲಿಗೆ ಮುಗೀತು.

ಇದಕ್ಕೆ ಎಂಜಿನಿಯರುಗಳು ಹುಡುಕಿರುವ ಉಪಾಯಗಳಲ್ಲಿ ಒಂದು, ಗೋಡೆಗೆ ಕನ್ನಡಿಯಂಥ ಫಲಕ ಹಚ್ಚಿ ಅಲೆಯನ್ನು ಬೇಕಾದ ಕಡೆಗೆ ತಿರುಗಿಸುವುದು. ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರದ ಸೇಂಟ್ ಲೂಸಿಯಾದಲ್ಲಿರುವ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯವೂ ಸೇರಿ ಜಗತ್ತಿನ ಹಲವು ಕಡೆ ಇಂಥ ಪ್ರತಿಫಲಕ ಆಂಟೆನಾಗಳ ಮೇಲೆ ಸಂಶೋಧನೆ ನಡೆದಿದೆ. ಈ ಫಲಕ ನಂಬಿರುವ ಅಲೆಗಳ ಗುಟ್ಟನ್ನು ನೂರು ವರ್ಷಕ್ಕೂ ಹಿಂದೆ ಬೇರೆಯೇ ಕೆಲಸಕ್ಕೆ ಬಳಸಿ ನೊಬೆಲ್ ಗೆದ್ದವರು ಒಬ್ಬ ತಂದೆ ಮತ್ತು ಮಗ. ಅದೇ ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಬದುಕು ಕಟ್ಟಿಕೊಂಡ ಆ ತಂದೆ, ವಿಲಿಯಂ ಹೆನ್ರಿ ಬ್ರ್ಯಾಗ್, ಕೂಡ ಕೆಲಸಕ್ಕೆಂದು ಕಡಲು ದಾಟಿ ಬಂದವರೇ.

ಹಡಗಿನಲ್ಲಿ ಕಲಿತ ಪಾಠ

ಬ್ರ್ಯಾಗ್ ಹುಟ್ಟಿದ್ದು 1862ರ ಜುಲೈ 2ರಂದು, ಇಂಗ್ಲೆಂಡಿನ ಕಂಬರ್ಲ್ಯಾಂಡ್ ಪ್ರಾಂತ್ಯದ ಒಂದು ಹಳ್ಳಿಯಲ್ಲಿ. ಏಳನೇ ವಯಸ್ಸಿಗೆ ತಾಯಿ ತೀರಿಕೊಂಡರು. ಚಿಕ್ಕಂದಿನಿಂದ ಸಾಕಿ ಓದಿಸಿದ್ದು ಅಪ್ಪನ ಕಡೆಯ ಸಂಬಂಧಿಕರು. ಕೇಂಬ್ರಿಡ್ಜ್‌ನಲ್ಲಿ ಗಣಿತ ಓದಿ 1884ರ ಪರೀಕ್ಷೆಯಲ್ಲಿ ಮೂರನೇ ಸ್ಥಾನ ಪಡೆದರು. ಮರುವರ್ಷವೇ ಅಡಿಲೇಡ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಹುದ್ದೆ ಸಿಕ್ಕಿತು. ಆಗ ವಯಸ್ಸು 23.

ಒಂದೇ ತೊಡಕು: ಗಣಿತದ ಜೊತೆ ಭೌತಶಾಸ್ತ್ರವನ್ನೂ ಕಲಿಸಬೇಕಿತ್ತು, ಅದು ಅವರಿಗೆ ಅಷ್ಟಾಗಿ ಬರುತ್ತಿರಲಿಲ್ಲ. ಹಡಗಿನಲ್ಲಿ ಕೂತು ಪುಸ್ತಕ ಓದಿಕೊಂಡೇ 1886ರಲ್ಲಿ ಅಡಿಲೇಡ್‌ಗೆ ಬಂದಿಳಿದರು. ಲ್ಯಾಬಿನಲ್ಲಿ ಉಪಕರಣಗಳೂ ಕಡಿಮೆ. ಪ್ರೊಫೆಸರ್ ಎಂಬ ಬಿಗುಮಾನ ಬದಿಗಿಟ್ಟು, ಊರಿನ ಉಪಕರಣ ತಯಾರಿಸುವ ವರ್ಕ್‌ಶಾಪಿಗೆ ಹೋಗಿ ಕೈಕೆಲಸ ಕಲಿತು, ಬೇಕಾದ್ದನ್ನು ತಾವೇ ಮಾಡಿಕೊಂಡರು.

ತಂತಿ ಮನೆತನದ ಅಳಿಯ

1889ರಲ್ಲಿ ಗ್ವೆಂಡೊಲೀನ್ ಟಾಡ್ ಜೊತೆ ಮದುವೆ. ಆಕೆಯ ತಂದೆ ಚಾರ್ಲ್ಸ್ ಟಾಡ್ ಸಾಮಾನ್ಯರಲ್ಲ. ಅಡಿಲೇಡ್‌ನಿಂದ ಡಾರ್ವಿನ್‌ವರೆಗೆ ಮರುಭೂಮಿಯ ಮೇಲೆ ಸುಮಾರು 3,000 ಕಿಲೋಮೀಟರ್ ಟೆಲಿಗ್ರಾಫ್ ತಂತಿ ಎಳೆಸಿ 1872ರಲ್ಲಿ ಮುಗಿಸಿದವರು. ಅಲ್ಲಿಯವರೆಗೆ ಲಂಡನ್ನಿನ ಸುದ್ದಿ ಹಡಗಿನಲ್ಲಿ ವಾರಗಟ್ಟಲೆ ಕಾಯಿಸಿ ಬರುತ್ತಿತ್ತು.

ಮಾವ ತಂತಿಯವರು, ಅಳಿಯನಿಗೆ ತಂತಿಯೇ ಇಲ್ಲದ ಸುದ್ದಿಯ ಹುಚ್ಚು. 1895ರಲ್ಲಿ ನ್ಯೂಜಿಲೆಂಡ್‌ನಿಂದ ಕೇಂಬ್ರಿಡ್ಜ್‌ಗೆ ಹೊರಟಿದ್ದ ಯುವಕ ಅರ್ನೆಸ್ಟ್ ರುದರ್‌ಫೋರ್ಡ್ ದಾರಿಯಲ್ಲಿ ಅಡಿಲೇಡ್‌ನಲ್ಲಿ ಇಳಿದು, ತಾವು ಮಾಡಿದ್ದ ರೇಡಿಯೊ ಅಲೆ ಪತ್ತೆ ಸಾಧನವನ್ನು ಬ್ರ್ಯಾಗ್‌ಗೆ ತೋರಿಸಿದರು. ಅಂದು ಶುರುವಾದ ಗೆಳೆತನ ರುದರ್‌ಫೋರ್ಡ್ ಬದುಕಿರುವವರೆಗೂ ಉಳಿಯಿತು. 1897ರ ಸೆಪ್ಟೆಂಬರ್ 21ರಂದು ಶಿಕ್ಷಕರ ಸಭೆಯೊಂದರಲ್ಲಿ ಬ್ರ್ಯಾಗ್ ವೈರ್‌ಲೆಸ್ ಸಂದೇಶ ಕಳಿಸಿ ತೋರಿಸಿದರು. ಆಸ್ಟ್ರೇಲಿಯಾದಲ್ಲಿ ದಾಖಲಾಗಿರುವ ಮೊದಲ ಸಾರ್ವಜನಿಕ ಪ್ರದರ್ಶನ ಇದೇ. 1899ರ ಮೇ ತಿಂಗಳಲ್ಲಿ ಮಾವ-ಅಳಿಯ ಸೇರಿ ವೀಕ್ಷಣಾಲಯದಿಂದ ಸುಮಾರು 200 ಮೀಟರ್ ದೂರಕ್ಕೆ ಸಂದೇಶ ದಾಟಿಸಿದರು. ಆ ಚಳಿಗಾಲ ಮುಗಿಯುವಷ್ಟರಲ್ಲಿ ಅದು ಕಡಲ ತೀರದ ಹೆನ್ಲಿ ಬೀಚ್ ಮುಟ್ಟಿತ್ತು.

ಮುಂದೆ ನೀರಿನ ಮೇಲೆ, ಆಲ್ತೋರ್ಪ್ ದ್ವೀಪಕ್ಕೆ ಸಂದೇಶ ಕಳಿಸುವ ಆಸೆ ಇತ್ತು. ಖರ್ಚು ಕೈಗೆಟುಕಲಿಲ್ಲ, ಮಾರ್ಕೋನಿ ಕಂಪನಿಯ ಪೇಟೆಂಟ್ ದರವೂ ದುಬಾರಿ. ಕೆಲಸ ಅಲ್ಲಿಗೆ ನಿಂತಿತು. ಬ್ರ್ಯಾಗ್ ಮನಸ್ಸು ಎಕ್ಸ್-ರೇ ಕಡೆ ತಿರುಗಿತು. ಮೂರು ಚಕ್ರದ ಸೈಕಲ್ಲಿನಿಂದ ಬಿದ್ದು ಕೈ ಮುರಿದುಕೊಂಡ ಮಗ ಲಾರೆನ್ಸ್‌ನ ಮೊಣಕೈಯನ್ನು ಅವರು ಅದೇ ಕಿರಣದಿಂದ ನೋಡಿದ್ದರು.

ತಡವಾಗಿ ಸಿಕ್ಕ ದಾರಿ

18 ವರ್ಷ ಪಾಠ ಮಾಡಿದರೂ ಅಲ್ಲಿವರೆಗೆ ಹೇಳಿಕೊಳ್ಳುವಂಥ ಸ್ವಂತ ಸಂಶೋಧನೆ ಇರಲಿಲ್ಲ. 1904ರಲ್ಲಿ, 41 ದಾಟಿದ ಮೇಲೆ, ಆಲ್ಫಾ ಕಿರಣಗಳ ಅಧ್ಯಯನಕ್ಕೆ ಕೈ ಹಾಕಿದರು. ಮೂರೇ ವರ್ಷದಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವರನ್ನು ಫೆಲೋ ಆಗಿ ಆರಿಸಿತು. 1909ರಲ್ಲಿ ಸಂಸಾರ ಸಮೇತ ಇಂಗ್ಲೆಂಡಿನ ಲೀಡ್ಸ್‌ಗೆ ಹೊರಟರು.

1912ರಲ್ಲಿ ಜರ್ಮನಿಯಿಂದ ಸುದ್ದಿ ಬಂತು: ಹರಳಿನ ಮೂಲಕ ಎಕ್ಸ್-ರೇ ಹಾಯಿಸಿದರೆ ಚುಕ್ಕಿಗಳ ಚಿತ್ತಾರ ಮೂಡುತ್ತದೆ. ಅದರ ಸರಳ ಅರ್ಥ ಬಿಡಿಸಿದ್ದು 22ರ ಹುಡುಗ ಲಾರೆನ್ಸ್. ಹರಳಿನಲ್ಲಿ ಪರಮಾಣುಗಳು ಪದರ ಪದರವಾಗಿ ಕೂತಿರುತ್ತವೆ. ಪ್ರತಿ ಪದರವೂ ಕಿರಣವನ್ನು ಸ್ವಲ್ಪ ಸ್ವಲ್ಪ ವಾಪಸು ಎಸೆಯುತ್ತದೆ. ನಮ್ಮ ಕರಾವಳಿಯಲ್ಲಿ ರಂಪಣಿ ಬಲೆ ಎಳೆಯುವವರನ್ನು ನೆನೆಸಿಕೊಳ್ಳಿ. ಒಬ್ಬೊಬ್ಬರು ಒಂದೊಂದು ಸಲ ಎಳೆದರೆ ಬಲೆ ಅಲುಗದು, ಎಲ್ಲರೂ ಒಂದೇ ತಾಳಕ್ಕೆ ಎಳೆದರೆ ದಡಕ್ಕೆ ಬರುತ್ತದೆ. ವಾಪಸು ಬರುವ ಅಲೆಗಳೂ ಹಾಗೇ. ಒಂದು ನಿರ್ದಿಷ್ಟ ಕೋನದಲ್ಲಿ ಮಾತ್ರ ಅವು ಒಂದೇ ತಾಳಕ್ಕೆ ಸೇರಿ ಬಲವಾಗುತ್ತವೆ. ಇದೇ ಬ್ರ್ಯಾಗ್ ನಿಯಮ.

ಅಪ್ಪನ ಕೈಚಳಕ ಈಗ ಕೆಲಸಕ್ಕೆ ಬಂತು. ಹರಳನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತಾ, ಯಾವ ಕೋನದಲ್ಲಿ ಕಿರಣ ಎಷ್ಟು ಬಲವಾಗಿ ಬರುತ್ತದೆಂದು ಅಳೆಯುವ ಎಕ್ಸ್-ರೇ ಸ್ಪೆಕ್ಟ್ರೋಮೀಟರ್ ಅನ್ನು ಅವರು ಕಟ್ಟಿದರು. ಅಡುಗೆ ಉಪ್ಪು, ವಜ್ರ ಮುಂತಾದವುಗಳ ಒಳಗೆ ಪರಮಾಣುಗಳು ಹೇಗೆ ಕೂತಿವೆ ಅನ್ನುವುದು ಬಯಲಾಯಿತು.

ಆದ್ರೆ ಹೊರಗಿನವರು ಎಲ್ಲವನ್ನೂ ಹೆಸರುವಾಸಿ ಅಪ್ಪನ ಲೆಕ್ಕಕ್ಕೇ ಬರೆದರು. ನಿಯಮ ಮಗನದು ಎಂದು ಬ್ರ್ಯಾಗ್ ಸ್ಪಷ್ಟಪಡಿಸುತ್ತಿದ್ದರೂ ಲಾರೆನ್ಸ್‌ಗೆ ಈ ನೋವು ಒಳಗೇ ಉಳಿಯಿತು. 1915ರ ಭೌತಶಾಸ್ತ್ರದ ನೊಬೆಲ್ ಇಬ್ಬರಿಗೂ ಸೇರಿ ಬಂತು, ಮಗನಿಗೆ ಆಗ ಬರೀ 25. ಮನೆಯಲ್ಲಿ ಸಂಭ್ರಮ ಇರಲಿಲ್ಲ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಕಿರಿಯ ಮಗ ರಾಬರ್ಟ್ ಗಲಿಪೊಲಿಯ ಯುದ್ಧದಲ್ಲಿ ಗಾಯಗೊಂಡು ತೀರಿಕೊಂಡಿದ್ದ.

ಇಂದಿನ ಗೋಡೆಗೆ ಬಂದ ನಂಟು

ಬ್ರ್ಯಾಗ್ ಸಿಗ್ನಲ್ ಫಲಕ ಕಂಡುಹಿಡಿದವರಲ್ಲ. ಆದ್ರೆ ಅಲೆಗಳ ತಾಳದ ಲೆಕ್ಕ ಅದೇ. ಈ ಫಲಕದ ಮೇಲೆ ಸಾಲು ಸಾಲು ಪುಟ್ಟ ಲೋಹದ ಚೂರುಗಳು, ಜೊತೆಗೆ ಡಯೋಡಿನಂಥ ಬಿಡಿಭಾಗಗಳು. ವೋಲ್ಟೇಜ್ ಬದಲಿಸಿದರೆ ಪ್ರತಿ ಚೂರೂ ಅಲೆಯನ್ನು ಒಂಚೂರು ಮುಂದೆಯೋ ಹಿಂದೆಯೋ ಮಾಡಿ ವಾಪಸು ಕಳಿಸುತ್ತದೆ. ಬೇಕಾದ ದಿಕ್ಕಿನಲ್ಲಿ ತಾಳ ಕೂಡಿದಾಗ ಸಿಗ್ನಲ್ ಆ ಮೂಲೆಗೆ ತಿರುಗುತ್ತದೆ. ಬ್ರ್ಯಾಗ್ ಹರಳನ್ನೇ ತಿರುಗಿಸಬೇಕಿತ್ತು, ಇಲ್ಲಿ ಫಲಕ ಅಲುಗದೆ ದಿಕ್ಕು ಬದಲಾಗುತ್ತದೆ. ಸಾಮಾನ್ಯ ಫಲಕ ಸಿಗ್ನಲ್ಲಿಗೆ ಹೊಸ ಶಕ್ತಿ ತುಂಬುವುದಿಲ್ಲ, ಬಂದದ್ದನ್ನು ತಿರುಗಿಸುತ್ತದೆ ಅಷ್ಟೇ. ಹಾಗಾಗಿ ಕರೆಂಟ್ ಖರ್ಚು ಕಮ್ಮಿ. ಫೋನ್ ಎಲ್ಲಿದೆ ಅಂತ ಆಗಾಗ ಲೆಕ್ಕ ಹಾಕುತ್ತಿರಬೇಕು, ಕಷ್ಟದ ಭಾಗ ಅದೇ.

1923ರಿಂದ ಬ್ರ್ಯಾಗ್ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ ನಡೆಸಿದರು, 1935ರಿಂದ 1940ರವರೆಗೆ ರಾಯಲ್ ಸೊಸೈಟಿಯ ಅಧ್ಯಕ್ಷರಾಗಿದ್ದರು. 1942ರ ಮಾರ್ಚ್ 12ರಂದು ತೀರಿಕೊಂಡರು. ಅಡಿಲೇಡ್‌ನ ಒಂದು ವಿಧಾನಸಭಾ ಕ್ಷೇತ್ರಕ್ಕೆ ಇಂದಿಗೂ ಬ್ರ್ಯಾಗ್ ಎಂದೇ ಹೆಸರು. ಗೊತ್ತಿಲ್ಲದ ಕೆಲಸ ಒಪ್ಪಿಕೊಂಡು ಹಡಗು ಹತ್ತಿದ ಹುಡುಗನನ್ನು ಆ ಊರು 23 ವರ್ಷ ಇಟ್ಟುಕೊಂಡು, ವಿಜ್ಞಾನಿಯಾಗಿ ಮಾಡಿ ಕಳಿಸಿತ್ತು.