ಕೊಳಚೆಗೆ ಹೆಪ್ಪು ಹಾಕಿದ ಫೌಲರರು

ಗಿಲ್ಬರ್ಟ್ ಜಾನ್ ಫೌಲರರು ಹುಟ್ಟಿದುದು 1868ರಲ್ಲಿ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಕೊಳಚೆ ನೀರನ್ನು ಶುದ್ಧಿಮಾಡುವುದೇ ಅವರ ಬಾಳಿನ ಕೆಲಸವಾಯಿತು. ಕಲಾ ವಿಭಾಗದ ವಿದ್ಯಾರ್ಥಿಯಾದ ನನಗೆ ರಸಾಯನಶಾಸ್ತ್ರದ ಪರಿಚಯ ಅಷ್ಟಕ್ಕಷ್ಟೆ. ಆದರೆ ಅದೂ ಬಟ್ಟೆಯ ಊರು, ಜೀನ್ಸ್ ಹೊಲಿಯುವ ನಮ್ಮ ಬಳ್ಳಾರಿಯೂ ಬಟ್ಟೆಯ ಊರು. ಆದುದರಿಂದ ಈ ಮಹನೀಯರ ಚರಿತ್ರೆ ನನಗೆ ದೂರದ್ದೆನಿಸಲಿಲ್ಲ.

1912ರಲ್ಲಿ ಅವರು ಅಮೆರಿಕದ ಲಾರೆನ್ಸ್ ಪ್ರಯೋಗಶಾಲೆಗೆ ಹೋದರು. ಅಲ್ಲಿ ಸೀಸೆಗಳಲ್ಲಿ ಕೊಳಚೆ ತುಂಬಿ ಗಾಳಿ ಊದುತ್ತಿದ್ದುದನ್ನು ಕಂಡು ಬಂದು, ಆರ್ಡರ್ನ್ ಮತ್ತು ಲಾಕೆಟ್ ಎಂಬಿಬ್ಬರಿಗೆ ಅಂಥದೇ ಪ್ರಯೋಗ ಮಾಡಲು ಸೂಚಿಸಿದರು. ಮೊದಲ ಸಲ ನೀರು ಪೂರ್ತಿ ಶುದ್ಧವಾಗಲು ಸುಮಾರು 5 ವಾರ ಹಿಡಿಯಿತು. ತಿಳಿನೀರನ್ನು ಬಸಿದು, ತಳದ ಕೆಸರನ್ನು ಚೆಲ್ಲದೆ ಅದರ ಮೇಲೆಯೇ ಹೊಸ ಕೊಳಚೆಯನ್ನು ಸುರಿದರು. ಹೀಗೆ ಮಾಡುತ್ತ ಮಾಡುತ್ತ ವಾರಗಳ ಕೆಲಸ ಒಂದು ದಿನದೊಳಗೆ ಮುಗಿಯತೊಡಗಿತು. ಆ ಕೆಸರೆಂದರೆ ಕೊಳೆಯನ್ನು ತಿಂದು ಬೆಳೆದ ಸೂಕ್ಷ್ಮಜೀವಿಗಳ ಗುಂಪು. ನಮ್ಮ ಮನೆಗಳಲ್ಲಿ ನಿನ್ನೆಯ ಮೊಸರಿನಿಂದ ಇಂದಿನ ಹಾಲಿಗೆ ಹೆಪ್ಪು ಹಾಕುವುದಿಲ್ಲವೆ, ಹಾಗೆ. 1914ರ ಏಪ್ರಿಲಿನಲ್ಲಿ ಮಂಡಿತವಾದ ಆ ಪ್ರಬಂಧಕ್ಕೆ ಆ ಇಬ್ಬರ ಹೆಸರಿದೆ, ಫೌಲರರದು ಇಲ್ಲ. ಇಂದು ಲೋಕದ ನಗರಗಳ ಕೊಳಚೆ ಬಹುಪಾಲು ಶುದ್ಧವಾಗುವುದು ಈ ವಿಧಾನದ ಒಂದಲ್ಲ ಒಂದು ರೂಪದಿಂದಲೇ.

ಅವರು 1916ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ಪ್ರಾಧ್ಯಾಪಕರಾಗಿ ಬಂದರು. 1921ರಲ್ಲಿ ಅಲ್ಲಿ ಜೀವರಸಾಯನ ವಿಭಾಗ ಅವರ ಮುಂದಾಳುತನದಲ್ಲಿ ಆರಂಭವಾಯಿತು. ಮರುವರ್ಷದ ಹೊತ್ತಿಗೆ ಅದೇ ಹೆಪ್ಪಿನ ಉಪಾಯವನ್ನು ಗೊಬ್ಬರಕ್ಕೂ ತಂದರು: ಚೆನ್ನಾಗಿ ಕಾವೇರಿ ಕೊಳೆಯುತ್ತಿರುವ ರಾಶಿಗೆ ಹೊಸ ಕಸವನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸುವುದು. ಇದನ್ನು ಕುರುಗೋಡಿನ ನಮ್ಮ ತಾತನಿಗೆ ಹೇಳಿದೆ. ತಿಪ್ಪೆಯನ್ನು ಪೂರಾ ಬಳಿಯಬಾರದೆಂದು ತನಗೆ ಮೊದಲೇ ಗೊತ್ತಿತ್ತೆಂದು ಆತ ನಕ್ಕ. ತಾತನ ಮಾತು ಸರಿಯೆ, ಆದರೆ ಅಳತೆ ಹಿಡಿದು ತೋರಿಸಿದವರು ಫೌಲರರು. ಭತ್ತದ ಹುಲ್ಲಿನಲ್ಲಿ ಸಾರಜನಕ ಕಡಿಮೆ; ಸಗಣಿ ಗಂಜಲ ಬೆರೆಯದೆ ಅದು ಬೇಗ ಕೊಳೆಯದು. ಸಿರುಗುಪ್ಪದ ಕಡೆ ಹುಲ್ಲಿಗೆ ಬೆಂಕಿಯಿಡುವ ರೈತರಿಗೆ ಯಾರಾದರೂ ಇದನ್ನು ಬಿಡಿಸಿ ಹೇಳಬೇಕು.

ಇನ್ನು ನಮ್ಮೂರಿನ ನೀಲಿ ನೀರು. ಜೀನ್ಸ್ ಒಗೆದಾಗ ಬಟ್ಟೆಯ ಗಂಜಿಯೂ ಬಣ್ಣವೂ ಬಿಡುತ್ತವೆ. ಗಂಜಿ ಸೂಕ್ಷ್ಮಜೀವಿಗಳಿಗೆ ಮೃಷ್ಟಾನ್ನ. ಬಣ್ಣವನ್ನು ಅವು ಅಷ್ಟು ಸುಲಭವಾಗಿ ಮುಟ್ಟವು, ಅದಕ್ಕೆ ಆಲಂನಂಥ ಪದಾರ್ಥ ಹಾಕಿ ಮೊದಲೇ ತಳಕ್ಕಿಳಿಸಬೇಕು. ಅಲ್ಲದೆ ಗಾಳಿಯೂದುವ ಯಂತ್ರವನ್ನು ವಿದ್ಯುತ್ ಖರ್ಚಿಗಂಜಿ ನಿಲ್ಲಿಸಿದರೆ, ತಿಂಗಳುಗಟ್ಟಲೆ ಸಾಕಿದ ಕೆಸರು ಉಸಿರುಕಟ್ಟಿ ಕೆಡುತ್ತದೆ. ಶುದ್ಧೀಕರಣ ಘಟಕವನ್ನು ಕಟ್ಟಿಸಿ, ಉದ್ಘಾಟನೆ ಮಾಡಿ, ಬೀಗ ಹಾಕುವವರು ಇದನ್ನರಿಯರು.

ಫೌಲರರು ಮುಂದೆ ಕಾನಪುರದ ಹಾರ್ಕೋರ್ಟ್ ಬಟ್ಲರ್ ಸಂಸ್ಥೆಗೆ ಪ್ರಾಂಶುಪಾಲರಾದರು. ಮಣ್ಣಿನಿಂದ ಹೊರಟ ಸಾರಜನಕವನ್ನು ಪೋಲುಮಾಡದೆ ಮಣ್ಣಿಗೇ ಮರಳಿಸುವ ವಿಷಯವಾಗಿ 1934ರಲ್ಲಿ ಪುಸ್ತಕವೊಂದನ್ನು ಬರೆದರು. ಅವರು ಕಟ್ಟಿದ ವಿಭಾಗವಿದ್ದ ಇನ್‌ಸ್ಟಿಟ್ಯೂಟಿನಲ್ಲಿಯೇ ಸಿ. ಎನ್. ಆಚಾರ್ಯರು 1939ರಲ್ಲಿ ಊರಿನ ಕಸವನ್ನೂ ಮಲವನ್ನೂ ಗುಂಡಿಯಲ್ಲಿ ಪದರ ಪದರವಾಗಿ ಮುಚ್ಚಿ ಗೊಬ್ಬರವಾಗಿಸುವ ಬೆಂಗಳೂರು ವಿಧಾನವನ್ನು ರೂಪಿಸಿದರು.