ಮದ್ಯವ್ಯಸನ ಕಾಯಿಲೆ ಎಂದ ಜೆಲಿನೆಕ್ ಬದಿಗಿಟ್ಟಿದ್ದು 15 ಮಹಿಳೆಯರ ಉತ್ತರ!

ಮದ್ಯವ್ಯಸನ ಕೆಟ್ಟ ನಡತೆಯಲ್ಲ, ಕಾಯಿಲೆ ಎಂಬ ಮಾತು ಜಗತ್ತಿನಲ್ಲಿ ಬೇರೂರಲು ದೊಡ್ಡ ಕಾರಣ ಇ.ಎಂ. ಜೆಲಿನೆಕ್. 1890ರಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿದ ಅವರು ಯೇಲ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ನಡೆಸಿ, ಬಳಿಕ ವಿಶ್ವ ಆರೋಗ್ಯ ಸಂಸ್ಥೆಗೂ ದುಡಿದರು.

ಆಲ್ಕೊಹಾಲಿಕ್ಸ್ ಅನಾನಿಮಸ್ ಸದಸ್ಯರು ತುಂಬಿದ 158 ಪ್ರಶ್ನಾವಳಿಗಳು ಅವರ ಕೈಸೇರಿದ್ದವು. 1946ರ ವರದಿಗೆ ಬಳಸಿದ್ದು 98 ಮಾತ್ರ, ಎಲ್ಲವೂ ಪುರುಷರವು. 15 ಮಹಿಳೆಯರ ಉತ್ತರಗಳು ತೀರಾ ಭಿನ್ನವಾಗಿವೆ, ಸಂಖ್ಯೆಯೂ ಕಡಿಮೆ ಎಂದು ಕೈಬಿಟ್ಟರು. ಕುಡಿತ ಹಂತಹಂತವಾಗಿ ವ್ಯಸನವಾಗುವ ಬಗ್ಗೆ ಅವರು ಕೊಟ್ಟ ಪ್ರಸಿದ್ಧ ವಿವರಣೆಗೆ ಈ ವರದಿಯೇ ಅಡಿಪಾಯ.

ಮಹಿಳೆಯರ ದೇಹ ಮದ್ಯಕ್ಕೆ ಬೇರೆ ರೀತಿ ಸ್ಪಂದಿಸುತ್ತದೆ ಎಂಬುದು ಸ್ಪಷ್ಟವಾದದ್ದು ನಂತರ. ಅವರ ದೇಹದಲ್ಲಿ ನೀರಿನಂಶ ಕಡಿಮೆ. ಹೀಗಾಗಿ ಪುರುಷರಷ್ಟೇ ಕುಡಿದರೂ ರಕ್ತದಲ್ಲಿ ಮದ್ಯಸಾರ ಹೆಚ್ಚು. ಈಸ್ಟ್ರೋಜನ್ ಹಾರ್ಮೋನ್ ಮಿದುಳಿನಲ್ಲಿ ಡೋಪಮೈನ್ ಬಿಡುಗಡೆ ಹೆಚ್ಚಿಸುವುದು ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡಿದೆ. ಚಿಕಿತ್ಸೆಗೆ ಬರುವ ಮಹಿಳೆಯರು ಪುರುಷರಿಗಿಂತ ಬೇಗ ವ್ಯಸನಕ್ಕೆ ಜಾರಿರುತ್ತಾರೆ ಎನ್ನುತ್ತವೆ ಹಲವು ಅಧ್ಯಯನಗಳು.

ಜೆಲಿನೆಕ್ 1963ರಲ್ಲಿ ನಿಧನರಾದರು. ಅಮೆರಿಕದಲ್ಲಿ ಸರ್ಕಾರಿ ನೆರವಿನ ವೈದ್ಯಕೀಯ ಪ್ರಯೋಗಗಳಲ್ಲಿ ಮಹಿಳೆಯರನ್ನೂ ಸೇರಿಸಬೇಕೆಂಬ ಕಾನೂನು ಬಂದಿದ್ದು 30 ವರ್ಷಗಳ ಬಳಿಕ, 1993ರಲ್ಲಿ.